ಮೀನುಮರಿ ಸತ್ತದ್ದು ಯಾರ ನಿರ್ಲಕ್ಷ್ಯದಿಂದ?

ಮೀನುಗಾರಿಕೆ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಸಹಕಾರ ಸಂಘದ ಕೊಳದಲ್ಲಿ ಆರು ಸಾವಿರ ಮೀನುಮರಿಗಳು ಸತ್ತದ್ದು ‘ಸದಸ್ಯರ ನಿರ್ಲಕ್ಷ್ಯದಿಂದ’ ಎಂದು ತಾವು ವರದಿ ಬರೆದಿದ್ದೀರಿ. ಎರಡು ಸಲ ಓದಿದೆ. ಸಿಟ್ಟು ಬರಲಿಲ್ಲ. ಬರಬೇಕಿತ್ತು ಅನ್ನಿಸಿತು, ಅಷ್ಟೇ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಾವು ಹನ್ನೊಂದು ಮನೆಯವರು. ಒಬ್ಬೊಬ್ಬರದೂ ಅಂಗೈಯಗಲದ ಜೌಗು ನೆಲ. ಬಿತ್ತಿದ್ದೆಲ್ಲ ಬೇರಲ್ಲೇ ಕೊಳೆಯುತ್ತಿತ್ತು. ಬದು ಒಡೆದು, ಎಲ್ಲರ ನೆಲ ಕೂಡಿಸಿ ಕೊಳ ತೋಡಿದೆವು. ದಂಡೆಯಲ್ಲಿ ಬಾತುಕೋಳಿ ಸಾಕಿದೆವು, ಕೊಳದ ನೀರಿಂದ ತರಕಾರಿ ಬೆಳೆದೆವು. ಹುಳು ಕೊಲ್ಲುವ ಔಷಧಿಯ ಡಬ್ಬ ಒಳಗೆ ತರಲಿಲ್ಲ. ಮೂರು ವರ್ಷ ಹನ್ನೊಂದು ಒಲೆ ಉರಿದದ್ದು ಇದರಿಂದಲೇ.

ಮರಿ ತುಂಬಿದ ಚೀಲವನ್ನು ಮೊದಲು ಅರ್ಧ ಗಂಟೆ ಕೊಳದಲ್ಲಿ ತೇಲಬಿಡಬೇಕು; ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು; ಮರಿ ತಾನಾಗಿ ಈಜಿ ಹೋಗಬೇಕು. ಇದನ್ನು ನಮಗೆ ಕಲಿಸಿದವರು ಯಾರು? ತಮ್ಮದೇ ಇಲಾಖೆ. ಈ ಸಲ ಇಲಾಖೆಯ ಮರಿಗಳ ಜೊತೆ ತಾವೇ ಫೋಟೋದವರನ್ನು ಕರೆದುಕೊಂಡು ದಯಮಾಡಿಸಿದಿರಿ, ನಮ್ಮ ಪುಣ್ಯ. ತಮ್ಮ ಭಾಷಣ ಮುಗಿಯುವವರೆಗೆ ಚೀಲಗಳು ಬಿಸಿಲಲ್ಲೇ ಇದ್ದವು.

ಆಮೇಲೆ ನನ್ನ ಕೈಯಲ್ಲಿದ್ದ ಚೀಲಕ್ಕೆ ತಾವು ಕೈಚಾಚಿದಾಗ ನನ್ನ ವಾರಗಿತ್ತಿ ಕೂಗಿದಳು: “ಸಾರ್, ತಡೀರಿ! ಚೀಲ ಸುಡ್ತಾ ಇದೆ. ಅರ್ಧ ಗಂಟೆ ತೇಲಲಿ.”

“ಅವೇನು ಹೊಸ ಸೊಸೆಯರೇನಮ್ಮಾ, ನಾಚ್ಕೊಂಡು ನಿಧಾನಕ್ಕೆ ಒಳಗೆ ಬರೋಕೆ?” ಅಂದಿರಿ. ಎಲ್ಲರೂ ನಕ್ಕರು.

“ಆಮೇಲೆ ನಗಿ ಸಾರ್. ಅಕ್ಕಾ, ಚೀಲ ಕೊಡಬೇಡ ನೀನು.”

ಆಗ ಸಂಘದ ಅಧ್ಯಕ್ಷೆಯಾದ ನಾನು, “ಸುಮ್ನಿರೇ, ದೊಡ್ಡೋರ ಎದುರು ಏನದು ನಿನ್ನ ಬಾಯಿ!” ಎಂದು ಗದರಿ, ಚೀಲ ತಮ್ಮ ಕೈಗಿತ್ತೆ. ತಾವು ಎದೆಮಟ್ಟದಿಂದ ಸುರಿದಿರಿ. ಉಳಿದ ಚೀಲಗಳನ್ನೂ ಹಾಗೇ ಸುರಿಸಿದಿರಿ. ಫೋಟೋ ಚೆನ್ನಾಗಿ ಬಂದಿದೆಯಂತೆ.

ಸಂಜೆಗೆ ನೀರ ಮೇಲೆಲ್ಲ ಬೆಳ್ಳಗಾಗಿತ್ತು. ಸೊಂಟಮಟ್ಟ ನೀರಲ್ಲಿ ನಿಂತು ಹಿಟ್ಟಿನ ಜರಡಿಯಿಂದ ಬಾಚಿ ತೆಗೆದೆವು. ಅಂದಿನಿಂದ ದಿನಾ ಬೆಳಿಗ್ಗೆ ದೇವರ ಮುಂದೆ ಕೂರುತ್ತೇನೆ. ಏನು ಬೇಡಬೇಕೆಂದು ತೋಚುವುದಿಲ್ಲ. ಕೈ ಮಾತ್ರ ಮುಗಿಯುತ್ತದೆ.

ನಿರ್ಲಕ್ಷ್ಯ ಆಗಿದೆ, ಒಪ್ಪುತ್ತೇನೆ. ಹೇಳುವವಳ ಬಾಯಿ ಮುಚ್ಚಿಸಿದ ನಿರ್ಲಕ್ಷ್ಯ ನನ್ನದು. ತಮ್ಮದು ವರದಿಯ ಎಷ್ಟನೇ ಸಾಲಿನಲ್ಲಿದೆ? ಆ ಒಂದು ಪದದಿಂದಾಗಿ ಈ ವರ್ಷ ನಮಗೆ ಮರಿ ಇಲ್ಲವಂತೆ, ಸಂಘವೂ ರದ್ದಾಗುತ್ತದಂತೆ. ಅವರವರ ನೆಲಕ್ಕೆ ಅವರವರು ಹೋಗಿ ಎಂದರು ತಮ್ಮ ಗುಮಾಸ್ತರು. ಹೇಗೆ ಹೋಗುವುದು ಸ್ವಾಮಿ? ಬದುಗಳೆಲ್ಲ ನೀರಿನಡಿ ಕರಗಿಹೋಗಿವೆ.

ಆ ಪದವನ್ನು ಹೊಡೆದು ಹಾಕಿ. ಕೊಳ ತುಂಬಿರುವಾಗಲೇ, ಈ ತಿಂಗಳೊಳಗೆ, ಮರಿ ಕಳಿಸಿ. ವ್ಯಾನಿನ ಡ್ರೈವರ್ ಒಬ್ಬರು ಬಂದರೆ ಸಾಕು. ತಾವೂ ಬರಲೇಬೇಕೆಂದಿದ್ದರೆ ಮೊದಲು ನನ್ನ ವಾರಗಿತ್ತಿಯನ್ನು ಕೇಳಿ. ನಿನ್ನೆಯಿಂದ ಅಧ್ಯಕ್ಷೆ ಅವಳು.

ಇಂತಿ,
ತಮ್ಮ ಕೈಗೆ ಚೀಲ ಎತ್ತಿಕೊಟ್ಟ
ಮಾಜಿ ಅಧ್ಯಕ್ಷೆ