ಅಪ್ಪ ಕೇಳಿದ ಗುಟುಕು

ಡಿಸೆಂಬರ್ ೧೪, ಶನಿವಾರ. ಇಟಲಿಯ ಆಲ್ಬಾ.

ಆ ಲೋಟ ಕಣ್ಣಿಂದ ಹೋಗುತ್ತಿಲ್ಲ.

ಮಧ್ಯಾಹ್ನ ದ್ರಾಕ್ಷಿತೋಟದ ಯಜಮಾನಿ ಕುರಿಹಾಲಿನ ಚೀಸು, ಕೆಂಪು ವೈನು ತಂದಿಟ್ಟಳು. ಚೀಸು ಬಾಯಿಗಿಟ್ಟರೆ ತುರುವನೂರಿನ ನಮ್ಮ ಕುರಿಹಟ್ಟಿಯ ವಾಸನೆ, ಅಪ್ಪನ ಕಂಬಳಿಯ ವಾಸನೆ.

“ಒಂದ್ ಗುಟುಕು ಕುಡೀರಿ ಮೇಡಂ, ಏನಾಗಲ್ಲ,” ಎಂದಳು ಜೊತೆಗೆ ಬಂದಿರುವ ದೇವಿಕಾ.

ಕುಡಿದು ಕುಡಿದೇ ಹಾಸಿಗೆ ಹಿಡಿದ ಅಪ್ಪ ಕೊನೆಯ ದಿನ ಕೇಳಿದ್ದೂ ಅಷ್ಟೇ. “ಒಂದ್ ಗುಟುಕು ಕೊಡವ್ವ, ಸಾಕು.” ನಾನು ಅವನ ಕಣ್ಣೆದುರೇ ಬಾಟಲಿಯನ್ನು ಅಂಗಳಕ್ಕೆ ಸುರಿದಿದ್ದೆ. ಅವನ ಎಡೆಗೂ ಬ್ರಾಂದಿ ಇಡಲು ಇವತ್ತಿನವರೆಗೆ ಬಿಟ್ಟಿಲ್ಲ.

ಇಂದು ಯಾರೂ ನೋಡದಾಗ ಲೋಟವನ್ನು ಬಳ್ಳಿಯ ಬುಡಕ್ಕೆ ಬಗ್ಗಿಸಿ, “ಕುಡಿಯಪ್ಪ,” ಎಂದೆ.

ನಮ್ಮ ಅಂಗಳ ಅಂದು ಕ್ಷಣದಲ್ಲಿ ಹೀರಿಕೊಂಡಿತ್ತು. ಇಲ್ಲಿ ನೆಲ ಚಳಿಗೆ ಕಲ್ಲಾಗಿದೆ. ಎಷ್ಟು ಹೊತ್ತು ನಿಂತು ನೋಡಿದರೂ ಇಂಗಲಿಲ್ಲ.