ಮುಯ್ಯಿಗೆ ಎದ್ದ ಕಾಲುಗಳು

ಹುಬ್ಬಳ್ಳಿ, ಉಣಕಲ್ ಮೂರನೆಯ ನೆಲೆ
ಫೆಬ್ರವರಿ ೩೦, ೨೧೯೧

ಡಿಜೆ ಫಕ್ಕಿ ಎಂದು ಹೆಸರಾದ ಶ್ರೀ ಫಕ್ಕೀರೇಶ ಬಡಿಗೇರ ಅವರಿಗೆ, ನಿಮ್ಮ ಮರಿಮೊಮ್ಮಗನ ಮೊಮ್ಮಗಳು ನೀಲವ್ವ ಡಿಜೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಕಾಗದ ಹರಿಯಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಜುಲೈನಿಂದ ಒಂದು, ಆಗಸ್ಟಿನಿಂದ ಒಂದು ದಿನ ಕಿತ್ತು ಅದಕ್ಕೆ ಕೊಟ್ಟು ನಲವತ್ತು ವರ್ಷವಾಯಿತು. ಹಾಗೆ ಕಿತ್ತ ದಿನಗಳ ಸಂಬಳ ಯಾರ ಜೇಬಿಗೆ ಹೋಯಿತು ಎಂದು ನಾನು ಕೇಳಿದ್ದಕ್ಕೆ ಇವತ್ತಿನವರೆಗೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಇದು ಮುಟ್ಟುವಾಗ ನಿಮಗೆ ಇಪ್ಪತ್ತೆಂಟು, ನನಗೆ ಐವತ್ತೆಂಟು. ನಿಮ್ಮ ತಾಯಿಯ ವಯಸ್ಸಿನವಳು ನಿಮ್ಮನ್ನು ಅಜ್ಜಾರೇ ಎಂದು ಕರೆದರೆ ನಗಬೇಡಿ. ಸಂಬಂಧ ಸಂಬಂಧವೇ.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಾವು ಹಿನ್ನಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಇದುವರೆಗೆ ಯಾರಿಗೂ ಉತ್ತರ ಬಂದದ್ದಿಲ್ಲ. ಧಾರವಾಡದ ಹಿನ್ನಂಚೆ ಕಚೇರಿಯ ಗುಮಾಸ್ತ ಇವನ್ನೆಲ್ಲ ಒಲೆಗೆ ಹಾಕಿ ಚಹಾ ಕಾಸುತ್ತಾನೆ ಎಂಬುದು ನನ್ನ ಗುಮಾನಿ. ನಿಯಮ ವಿಚಾರಿಸಲು ಹೋದಾಗಲೆಲ್ಲ ಅವನ ಬಾಯಲ್ಲಿ ಏಲಕ್ಕಿ ವಾಸನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬರುವ ಸೋಮವಾರ ನನ್ನ ಹೆಸರು ಹೋಗುವುದರಲ್ಲಿದೆ, ಮತ್ತು ಅದಕ್ಕೆ ಕಾರಣ ನೀವು.

ಹೆಸರಿನ ಸಂಗತಿ ಮೊದಲು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ನಮ್ಮ ಕಡೆ ಬಡಿಗೇರ, ಪತ್ತಾರ, ಹೂಗಾರ ಎಂದು ಕಸುಬಿನ ಅಡ್ಡಹೆಸರುಗಳಿದ್ದವು; ಉಳಿ ಮುಟ್ಟದವನೂ ಬಡಿಗೇರನೇ. ನೀವೇ ಅದಕ್ಕೆ ಸಾಕ್ಷಿ. ನಿಮ್ಮ ಮೊಮ್ಮಗನ ಕಾಲಕ್ಕೆ ಜನ ನಮ್ಮ ಮನೆಯವರನ್ನು ಡಿಜೇರ ಎಂದು ಕರೆಯತೊಡಗಿದರು, ಅದೇ ಉಳಿಯಿತು. ನಮ್ಮ ಓಣಿಯಲ್ಲೇ ಪಂಕ್ಚರೇರ ಇದ್ದಾರೆ, ಕೋಚಿಂಗನವರ ಇದ್ದಾರೆ. ಆಮೇಲೆ ಕಾನೂನು ಬಂತು. ಈಗ ಕಸುಬಿನಿಂದ ಹೊಟ್ಟೆ ಹೊರೆಯದವನಿಗೆ ಕಸುಬಿನ ಹೆಸರಿಲ್ಲ. ಪ್ರತಿ ಕಸುಬಿಗೂ ಕಸುಬು ಕಚೇರಿಯವರು ಒಂದು ಗೆರೆ ಎಳೆದಿದ್ದಾರೆ, ಅದಕ್ಕೆ ಹೊಟ್ಟೆಗೆರೆ ಎನ್ನುತ್ತೇವೆ. ವರ್ಷದ ಗಳಿಕೆ ಅದರ ಕೆಳಗೆ ಬಿದ್ದರೆ ಹೆಸರು ಹೊಡೆದುಹಾಕಿ, ಉಪಕರಣ ಎತ್ತಿಕೊಂಡು ಹೋಗುತ್ತಾರೆ. ನನ್ನ ಮಣೆಯನ್ನೂ ಒಯ್ಯುತ್ತಾರೆ. ನೀವು ಮಿಕ್ಸರ್ ಎನ್ನುವುದೇ ನಮ್ಮ ಮಣೆ. ಮೂವತ್ತಾರು ವರ್ಷ ಅದರ ಮುಂದೆ ನಿಂತಿದ್ದೇನೆ. ಅದು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ, ಅಡುಗೆಯೂ ಅಷ್ಟಕ್ಕಷ್ಟೇ.

ನಮ್ಮಲ್ಲಿ ಕುಣಿತ ಮಧ್ಯಾಹ್ನಕ್ಕೆ. ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ. ಹೊಲ, ಅಂಗಡಿ, ಶಾಲೆ ಎಲ್ಲ ರಾತ್ರಿ ನಡೆಯುತ್ತವೆ. ಹನ್ನೆರಡರಿಂದ ಎರಡರವರೆಗೆ ಜನ ನೆಲದೊಳಗಿನ ಕುಣಿತಮನೆಗಳಿಗೆ ಬರುತ್ತಾರೆ, ನೀವು ಕ್ಲಬ್ ಎನ್ನುತ್ತಿದ್ದಿರಿ. ತೊಡೆಯ ಮೇಲೆ ಮಕ್ಕಳನ್ನು ಮಲಗಿಸಿಕೊಂಡ ತಾಯಂದಿರು ಗೋಡೆ ಬದಿಗೆ, ಮಜ್ಜಿಗೆ ಮಾರುವವರು ಬಾಗಿಲಲ್ಲಿ, ನಡುವೆ ಅಂಗಳ. ಕುಣಿದವರ ಕಾಲು ಅಂಗಳವನ್ನು ಒತ್ತಿದಾಗ ಕರೆಂಟು ಹುಟ್ಟುತ್ತದೆ, ಅದರಿಂದಲೇ ಮನೆ ತಣ್ಣಗಿರುತ್ತದೆ, ಉಳಿದದ್ದನ್ನು ಊರಿಗೆ ಮಾರುತ್ತಾರೆ. ಆ ದುಡ್ಡಿನಲ್ಲಿ ನನಗೆ ಪಾಲು. ಒಂದು ಕಾಲು ನೆಲ ಬಿಟ್ಟು ಎದ್ದರೆ ಒಂದು ಕಾಲೆತ್ತು. ಹತ್ತು ಕಾಲೆತ್ತಿಗೆ ಒಂದು ರೂಪಾಯಿ. ಎಷ್ಟಾಯಿತು ಎಂದು ನನ್ನ ತಲೆಯ ಮೇಲಿನ ಫಲಕದಲ್ಲಿ ಆಗಿಂದಾಗ ಕಾಣುತ್ತಲೇ ಇರುತ್ತದೆ. ಡಿಜೆಗೆ ಎಷ್ಟು ಸಿಗುತ್ತದೆ ಎಂದು ನಿಮ್ಮ ಕಾಲದಲ್ಲಿ ಜನ ಪಿಸುಗುಡುತ್ತಿದ್ದರಂತೆ. ನಮ್ಮಲ್ಲಿ ಮಜ್ಜಿಗೆಯವಳೂ ತಲೆಯೆತ್ತಿ ಓದಿ, ಇವತ್ತು ಕಡಿಮೆ ಆತಲ್ಲರೀ ಎನ್ನುತ್ತಾಳೆ.

ನನಗೆ ದಿನಕ್ಕೆ ಐದು ಸಾವಿರ ಬರುತ್ತಿತ್ತು. ಹಿಗ್ಗಬೇಡಿ, ನಿಮ್ಮ ಒಂದು ರೂಪಾಯಿ ಅಂದರೆ ನಮ್ಮ ಹತ್ತು; ಖಾನಾವಳಿಯಲ್ಲಿ ಒಂದು ಊಟಕ್ಕೆ ಸಾವಿರ. ಹನ್ನೊಂದು ಜನ ಕಾಯಂ ಕುಣಿಯುವವರಿದ್ದರು. ತಿಂಗಳಿಗೆ ಇಪ್ಪತ್ತೈದು ಮಧ್ಯಾಹ್ನ, ಒಂದು ಲಕ್ಷ ಇಪ್ಪತ್ತೈದು ಸಾವಿರ. ಗಂಡ ಈರಣ್ಣನ ಪಿಂಚಣಿ ಸೇರಿ ಸಂಸಾರ ನಡೆಯುತ್ತಿತ್ತು. ಹಳೆಯ ಕಸುಬುಗಳಿಗೆಲ್ಲ ಗೆರೆ ಎಳೆದು ಮುಗಿಸಿದ ಕಚೇರಿಯವರು ಹೋದ ವರ್ಷ ಹೊಸ ಕಸುಬುಗಳಿಗೆ ಕೈ ಹಾಕಿದರು. ಡಿಜೇರರ ಹೊಟ್ಟೆಗೆರೆ ತಿಂಗಳಿಗೆ ಹದಿನೈದು ಲಕ್ಷ ಎಂದು ನೋಟೀಸು ಬಂತು. ಸೊನ್ನೆ ಹೆಚ್ಚಾಗಿದೆ ಎಂದುಕೊಂಡು ನಾನು ಎರಡು ಸಲ ಎಣಿಸಿದೆ. ಒಂದು ವರ್ಷದ ಗಡುವು.

ಮರುತಿಂಗಳಿನಿಂದ ಅಂಗಳ ತುಂಬತೊಡಗಿತು. ಹನ್ನೊಂದು ಜನರಿದ್ದಲ್ಲಿ ನೂರಮೂವತ್ತೊಂದು. ಫಲಕ ದಿನವೂ ಅರವತ್ತು ಸಾವಿರ ಮುಟ್ಟಿ ನಿಲ್ಲುತ್ತಿತ್ತು, ಅಂದರೆ ಸರಿಯಾಗಿ ಗೆರೆಯ ಲೆಕ್ಕಕ್ಕೆ. ಊರೆಲ್ಲ ನನ್ನನ್ನು ಹೊಗಳಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐವತ್ತೆಂಟಕ್ಕೆ ಯಾರ ಕೈಗೂ ಇದ್ದಕ್ಕಿದ್ದಂತೆ ಮೋಡಿ ಬರುವುದಿಲ್ಲ. ಮೊದಲು ಕುಣಿತಮನೆಯ ಮಾಲೀಕನನ್ನು ಸಂಶಯಿಸಿದೆ, ಮೀಟರು ತಿರುವಿದ್ದಾನೆ ಎಂದು. ಆಮೇಲೆ ನೆಲವನ್ನೇ ಸಂಶಯಿಸಿದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಕುಣಿಸಲು ಬಾರದ ನಾನು ನೆಲ ಕಳ್ಳ ಅಂದೆ.

ಒಂದು ಸಂಗತಿ ನಿಮಗೂ ಗೊತ್ತಿರಬೇಕು. ಮನಸ್ಸಿಗೆ ಬಂದು ಕುಣಿಯುವವರ ಕಾಲು ತಾಳದ ಏಟಿಗಿಂತ ಒಂದು ಕೂದಲೆಳೆಯಷ್ಟು ತಡವಾಗಿ ಏಳುತ್ತದೆ. ಕೇಳಿ, ಹಿಗ್ಗಿ, ಆಮೇಲೆ ಎತ್ತಬೇಕಲ್ಲ. ಎಣಿಸಿ ಕುಣಿಯುವವರ ಕಾಲು ಏಟಿಗೆ ಸರಿಯಾಗಿ ಏಳುತ್ತದೆ. ಹೊಸದಾಗಿ ಬಂದ ಈ ನೂರಿಪ್ಪತ್ತು ಜನರ ಕಾಲು ಏಟಿಗೆ ಸರಿಯಾಗಿ ಏಳುತ್ತಿದ್ದವು. ಪರೀಕ್ಷಿಸಲೆಂದು ಒಂದು ಮಧ್ಯಾಹ್ನ ಹಾಡು ನಿಲ್ಲಿಸಿ, ಖಾರ ಕುಟ್ಟುವ ಗಿರಣಿಯ ಸದ್ದು ಹಾಕಿದೆ. ನನ್ನ ಹಳೆಯ ಹನ್ನೊಂದು ಜನ ಬೆಪ್ಪಾಗಿ ನಿಂತು ನನ್ನ ಮುಖ ನೋಡಿದರು. ಉಳಿದ ನೂರಿಪ್ಪತ್ತು ಜನ ಗಿರಣಿಗೂ ಕುಣಿದರು, ಒಂದು ಏಟೂ ತಪ್ಪಲಿಲ್ಲ. ನನಗೆ ಅಷ್ಟು ಅವಮಾನ ಜೀವನದಲ್ಲಿ ಆಗಿರಲಿಲ್ಲ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಗುಮಾನಿ ಕಾದಿತ್ತು. ಈರಣ್ಣನಿಗೆ ಅರವತ್ನಾಲ್ಕು. ವರ್ಷವೆಲ್ಲ ಎರಡೇ ಅಂಗಿಯಲ್ಲಿ ಕಳೆಯುವ ಮನುಷ್ಯ. ಕೆಲವು ತಿಂಗಳಿನಿಂದ ದಿನಾ ಗಡ್ಡ ಹೆರೆಸಿಕೊಳ್ಳುತ್ತಿದ್ದ, ದಿನಾ ಒಂದು ಮೊಳ ಮಲ್ಲಿಗೆ ತರುತ್ತಿದ್ದ. ವಾರಕ್ಕೊಮ್ಮೆ ಸೈಕಲ್ ಪಂಕ್ಚರ್ ಎಂದು ತಡವಾಗಿ ಬರುತ್ತಿದ್ದ. ಮುದುಕ ಹೂವು ತಂದರೆ ಎಲ್ಲೋ ಬೇರೆ ಹೂವು ಅರಳಿದೆ ಎಂದು ಯಾವ ಹೆಂಡತಿಗೂ ಅನ್ನಿಸುತ್ತದೆ. ಅಟ್ಟ ನೋಡಿದರೆ ಹದಿನೇಳು ಬುಟ್ಟಿ, ಒಂಬತ್ತು ಗಡಿಗೆ. ಆ ಹೆಂಗಸು ಬುಟ್ಟಿ ಹೆಣೆಯುತ್ತಾಳೋ ಗಡಿಗೆ ಮಾಡುತ್ತಾಳೋ ಎಂದು ತಿಳಿಯದೆ ನಾನು ಸೀರೆ ಸೆರಗು ತಲೆಗೆ ಹಾಕಿಕೊಂಡು ಅವನ ಹಿಂದೆ ಹೊರಟೆ.

ಅವನು ಹೂಗಾರರ ಅಂಗಡಿಗೆ ಹೋಗಿ ಹೂ ಕೊಂಡ. ಮೇದಾರರ ಮನೆಯಲ್ಲಿ ಹದಿನೆಂಟನೆಯ ಬುಟ್ಟಿ ಕೊಂಡ. ಪಂಕ್ಚರೇರರ ಬಾಗಿಲಲ್ಲಿ ತಾನೇ ಮೊಳೆ ತೆಗೆದು ತನ್ನ ಗಾಲಿಗೆ ಚುಚ್ಚಿಕೊಂಡ. ಅಷ್ಟೂ ಕಡೆ ಕಂಡ ಮುಖಗಳು ನನ್ನ ಅಂಗಳದಲ್ಲಿ ಏಟಿಗೆ ಸರಿಯಾಗಿ ಕಾಲೆತ್ತುವ ಮುಖಗಳೇ. ಮೇದಾರರ ಶಂಕ್ರವ್ವ ನನ್ನನ್ನು ಕಂಡು ಹೆದರದೆ, ಬುಟ್ಟಿ ಕೆಳಗಿಟ್ಟು ಹೇಳಿದಳು: "ಮುಯ್ಯಿರೀ ಅಕ್ಕಾರ. ನಿಮ್ಮವರು ನಮ್ಮ ಬುಟ್ಟಿ ಕೊಳ್ತಾರ, ನಾವು ನಿಮಗ ಕಾಲ ಎತ್ತತೀವಿ. ಎಲ್ಲಾರದೂ ಹೆಸರ ಉಳೀಬೇಕಲ್ಲ."

ಮುಯ್ಯಿ ನಿಮಗೆ ಗೊತ್ತು. ಮದುವೆಯಲ್ಲಿ ಅವರು ಮಾಡಿದ್ದಕ್ಕೆ ನಾವು ತಿರುಗಿ ಮಾಡುವುದು. ಹೊಲದಲ್ಲಿ ಇವತ್ತು ನಾನು ನಿನಗೆ ಆಳು, ನಾಳೆ ನೀನು ನನಗೆ. ನೂರಿಪ್ಪತ್ತು ಮನೆಗಳು ಹೀಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಹಿಡಿದುಕೊಂಡು ನಿಂತಿವೆ. ಅದರಲ್ಲಿ ನನ್ನ ಗೆರೆಯೇ ಎಲ್ಲಕ್ಕಿಂತ ಎತ್ತರ, ಅದಕ್ಕೆ ಅಷ್ಟೂ ಮನೆಯವರು ದಿನವೂ ನಿದ್ದೆ ಬಿಟ್ಟು ಬಂದು ಕುಣಿಯಬೇಕು. ಮೊಣಕಾಲು ನೋವಿನವರಿದ್ದಾರೆ, ಬಾಣಂತಿಯರಿದ್ದಾರೆ. ನಾನು ಈರಣ್ಣನ ಮೇಲೆ ಕೂಗಾಡಿದೆ. ಅವನು ಪಂಕ್ಚರಾದ ಸೈಕಲ್ ಹಿಡಿದುಕೊಂಡೇ, "ಮಣಿ ಹೋದರ ನೀ ಏನ ಉಳೀತಿ, ನೀಲಾ? ನನಗ ಅದನ್ನ ನೋಡಾಕ ಆಗಂಗಿಲ್ಲ," ಎಂದ. ನಾನು ಅಲ್ಲೇ ಬೀದಿಯಲ್ಲಿ ಅತ್ತೆ. ಅವನನ್ನು ಸಂಶಯಿಸಿದ್ದಕ್ಕೆ ಅತ್ತೆನೋ, ನನ್ನ ಹಾಡಿಗೆ ಅವರಲ್ಲಿ ಯಾರೂ ಕುಣಿದಿರಲಿಲ್ಲ ಎಂದು ಅತ್ತೆನೋ, ನನಗೇ ತಿಳಿಯದು.

ಈಗ ನಿಮ್ಮ ಸರದಿ. ಹದಿನೈದು ಲಕ್ಷದ ಗೆರೆ ಎಲ್ಲಿಂದ ಬಂತು ಎಂದು ಕಚೇರಿಗೆ ಹೋಗಿ ಕಡತ ತೆಗೆಸಿದೆ. ಕಸುಬಿನ ಮೂಲಪುರುಷ ಪ್ರಕಟವಾಗಿ ಹೇಳಿದ ಗಳಿಕೆಯೇ ಗೆರೆಗೆ ಆಧಾರ ಎಂದು ನಿಯಮ. ನಿಮ್ಮ ಕಾಲದ ಯಾವುದೋ ಜಾಲಪುಟದ ವೀಡಿಯೊ ಸಂದರ್ಶನ ಅದರಲ್ಲಿತ್ತು, ೨೦೨೬ರ ನವೆಂಬರ್ ಹದಿನಾಲ್ಕರದು. ಕ್ಲಬ್ಬಿನಲ್ಲಿ ಒಂದು ಶೋಗೆ ಎಷ್ಟು ತಗೋತೀರಿ ಸರ್ ಎಂದು ಮೈಕು ಹಿಡಿದ ಹುಡುಗಿ ಕೇಳಿದ್ದಾಳೆ. ನೀವು ಕಪ್ಪು ಕನ್ನಡಕದಲ್ಲಿ ನಿಂತು, ಕೊರಳ ಸರ ತಿರುವುತ್ತಾ, "ಕಡಿಮಿ ಅಂದ್ರೂ ಒಂದೂವರಿ ಲಕ್ಷರೀ ಮೇಡಂ," ಎಂದಿದ್ದೀರಿ. ತಿಂಗಳಿಗೆ ಒಂದಾದರೂ ಶೋ ಇದ್ದೀತು ಎಂದು ಕಚೇರಿಯವರು ಹಿಡಿದರು, ಬೆಲೆಯೇರಿಕೆಗೆ ಹತ್ತರಿಂದ ಗುಣಿಸಿದರು. ಆಯಿತು ನನ್ನ ಕಥೆ.

ನನಗೆ ನಿಮ್ಮ ಮಾತಿನ ಮೇಲೆ ಆಗಲೇ ಸಂಶಯ ಬಂತು. ಒಂದೂವರೆ ಲಕ್ಷ ಎಣಿಸುವ ಕೈ ಹಾಗೆ ಕೊರಳ ಸರ ತಿರುವುತ್ತಾ ಇರುವುದಿಲ್ಲ. ನಮ್ಮ ಮನೆಯ ಹಳೆಯ ಫೋನುಗಳಲ್ಲಿ ಹುಡುಕಿದಾಗ ಅಶ್ವಿನಿ ಅಜ್ಜಿ ನಿಮಗೆ ಅದೇ ದಿನ ಕಳಿಸಿದ ಮೆಸೇಜು ಸಿಕ್ಕಿತು. "ಇವತ್ತ ಎಷ್ಟ ಕೊಟ್ರು?" ನಿಮ್ಮ ಉತ್ತರ: "ಮೂರ ಸಾವಿರ. ಊಟ ಅಲ್ಲೇ ಆತು." ಅದನ್ನು ಒಯ್ದು ಕಚೇರಿಯ ಮೇಜಿನ ಮೇಲಿಟ್ಟೆ. ಹೆಂಡತಿಗೆ ಹೇಳಿದ್ದು ಪ್ರಕಟವಾದ ಮಾತಲ್ಲ, ನಡೆಯುವುದಿಲ್ಲ ಎಂದರು. ಹೆಂಡತಿಗೆ ಹೇಳಿದ್ದೇ ನಿಜ ಎಂದು ತಿಳಿಯದವರು ಕಚೇರಿಯಲ್ಲಿ ಕೂತಿದ್ದಾರೆ.

ಸೋಮವಾರ ನಾನೊಂದು ಪತ್ರಕ್ಕೆ ಸಹಿ ಮಾಡಬೇಕು. ಎದ್ದ ಕಾಲುಗಳೆಲ್ಲ ತಾವಾಗಿ ಎದ್ದವು ಎಂದು ಅದರಲ್ಲಿ ಬರೆದಿದೆ. ಮಾಡಿದರೆ ಇನ್ನೊಂದು ವರ್ಷ ಮಣೆ ನನ್ನದು, ಆ ಬಾಣಂತಿಯರು ಇನ್ನೊಂದು ವರ್ಷ ಗಿರಣಿಗೂ ಕುಣಿಯಬೇಕು. ನನ್ನ ಕೈಯಿಂದ ಆ ಸಹಿ ಬರುವುದಿಲ್ಲ. ಮುಯ್ಯಿಯ ವಿಷಯ ಬಾಯಿ ಬಿಡುವುದೂ ಇಲ್ಲ, ಬಿಟ್ಟರೆ ಅಷ್ಟೂ ಮನೆಗಳ ಹೆಸರು ಹೋಗುತ್ತದೆ. ಫಲಕದ ಲೆಕ್ಕ ತಪ್ಪು, ಗೆರೆ ಮುಟ್ಟಲಿಲ್ಲ ಎಂದು ಬರೆದುಕೊಟ್ಟು ಬರುತ್ತೇನೆ ಎಂದು ಈರಣ್ಣನಿಗೆ ಹೇಳಿದ್ದೇನೆ. ಅವನು ಎರಡು ದಿನದಿಂದ ಗಡ್ಡ ಹೆರೆಸಿಲ್ಲ.

ಅದಕ್ಕೇ, ಆ ಸಂದರ್ಶನಕ್ಕೆ ಮೊದಲೇ ಮುಟ್ಟುವಂತೆ, ನಿಮ್ಮ ಹತ್ತಿರ ಬಂದೆ. ಆ ಹುಡುಗಿಗೆ ನಿಜ ಹೇಳಿ ಎಂದು ಬರೆಯಲು ಕೂತಿದ್ದೆ. ಬರೆಯುತ್ತಾ ಬರೆಯುತ್ತಾ ಅದರ ಮೇಲೂ ಸಂಶಯ ಬಂತು. ಮೂರು ಸಾವಿರ ಅಂದರೆ ನಿಮ್ಮನ್ನು ಮುಂದೆ ಯಾರು ಕರೆದಾರು? ಆ ಬಡಾಯಿ ಕೇಳಿಯೇ ನಿಮಗೆ ಬೆಳಗಾವಿಯಲ್ಲಿ, ಗೋವಾದಲ್ಲಿ ಕೆಲಸ ಸಿಕ್ಕಿತು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಯಾರೂ ಕರೆಯದಿದ್ದರೆ ನೀವು ಬಡಿಗತನಕ್ಕೆ ಇಳಿಯುತ್ತೀರಿ, ನಾನು ಬಾಗಿಲಿಗೆ ಚಿಲಕ ಬಡಿಯುತ್ತಾ ಹುಟ್ಟುತ್ತೇನೆ. ನಿಮ್ಮ ಸುಳ್ಳಿನಿಂದ ನಾನು ಸಾಯುತ್ತೇನೆ, ನಿಮ್ಮ ನಿಜದಿಂದ ಡಿಜೇರ ನೀಲವ್ವಳಾಗಿ ಹುಟ್ಟುವುದೇ ಇಲ್ಲ.

ಆದ್ದರಿಂದ ಚೌಕಾಶಿ ಮಾಡೋಣ. ಅದು ನಮಗಿಬ್ಬರಿಗೂ ಬರುತ್ತದೆ. ನೀವು ಸುಳ್ಳು ಹೇಳಿ, ನಿಮ್ಮ ವಯಸ್ಸಿಗೆ ಅದು ಬೇಕು, ಕನ್ನಡಕವನ್ನೂ ಹಾಕಿಕೊಳ್ಳಿ. ಆದರೆ ಬಾಯಿಗೆ ಬಂದದ್ದು ಹೇಳಬೇಡಿ. ನಿನ್ನೆ ಮುಯ್ಯಿಯವರನ್ನೆಲ್ಲ ಮನೆಗೆ ಕಳಿಸಿ, ಉಳಿದವರಿಗಾಗಿ ಎರಡು ತಾಸು ಬಾರಿಸಿದೆ. ಹನ್ನೊಂದು ಜನ ಕುಣಿದರು, ಎಲ್ಲರ ಕಾಲೂ ತಡವಾಗಿ ಎದ್ದವು. ಐದು ಸಾವಿರ ಆಯಿತು. ತಿಂಗಳಿಗೆ ಒಂದು ಲಕ್ಷ ಇಪ್ಪತ್ತೈದು ಸಾವಿರ, ನಿಮ್ಮ ರೂಪಾಯಿಯಲ್ಲಿ ಹನ್ನೆರಡೂವರೆ ಸಾವಿರ. ಒಬ್ಬರಿಗೆ ಜ್ವರ ಬರಬಹುದು, ಒಬ್ಬರ ಮನೆಯಲ್ಲಿ ಮದುವೆ ಇರಬಹುದು. ಆ ಐನೂರು ಅವರಿಗೆ ಬಿಡಿ.

ಹನ್ನೆರಡು ಸಾವಿರ ಅನ್ನಿ, ಅಜ್ಜಾರೇ. ಅದರ ಮೇಲೆ ಒಂದು ರೂಪಾಯಿಯೂ ಬೇಡ. ಅಷ್ಟನ್ನು ನಾನು ದುಡಿಯಬಲ್ಲೆ.

ಇಂತಿ ನಿಮ್ಮ,
ನೀಲವ್ವ