ಹಬಕ್ಕೂಕನ ಬಸ್ಸು

ಮುಂಡರಗಿ, ನವೆಂಬರ್ ೧೯೫೬

ತಮ್ಮಾ ಪ್ರಭುದಾಸ,

ನಿನ್ನ ವಿಳಾಸ ನನ್ನಲ್ಲಿಲ್ಲ. ಆದರೂ ಈ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಓಡುವವನೂ ಓದುವಂತೆ ಬರೆ ಎಂದು ದೇವರು ಪ್ರವಾದಿ ಹಬಕ್ಕೂಕನಿಗೆ ಹೇಳಿದ್ದನಲ್ಲ, ಹಾಗೆಯೇ ನಮ್ಮ ಪ್ರಾರ್ಥನಾಮಂದಿರದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದೆ: ‘ತಡವಾದರೂ ಕಾದಿರು, ಬಂದೇ ಬರುತ್ತದೆ.’ ಗದಗಿನ ಬಸ್ಸು ಅದೇ ಗೋಡೆಯ ಮುಂದೆ ನಿಲ್ಲುವುದನ್ನು ಮರೆತಿದ್ದೆ.

ರಾಜ್ಯ ಒಂದಾದ ಮೆರವಣಿಗೆಗಳ ಗದ್ದಲದಲ್ಲಿ ನಿನ್ನೆ ಬಸ್ಸಿನ ಸುಳಿವೇ ಇರಲಿಲ್ಲ. ಎಲ್ಲರೂ ಬೈದುಕೊಂಡು ಮನೆಗೆ ಹೋದರು. ಹಮ್ಮಿಗಿಯ ಮುದುಕಿ ಹುಚ್ಚವ್ವ ಮಾತ್ರ, ಯಾರೋ ಗೋಡೆ ಓದಿ ಹೇಳಿದ್ದನ್ನು ನಂಬಿ, ಕುಳಿತೇ ಇದ್ದಳು.

“ಮನಿಗೆ ನಡಿ ಯವ್ವಾ. ಅದು ದೇವರ ಮಾತು, ಬಸ್ಸಿಂದಲ್ಲ” ಎಂದೆ.

“ದೇವರ ಮಾತಂದ್ರ ಇನ್ನೂ ಛಲೋ ಆತು. ಬರಿಸಿದವರು ನೀವ, ನೀವ ನಂಬೂದಿಲ್ಲೇನ್ರಿ?”

ಹೊತ್ತು ಇಳಿಯುವಾಗ ಬಸ್ಸು ಬಂದೇ ಬಂತು! ಹುಚ್ಚವ್ವ ಗೋಡೆಗೆ ಕೈಮುಗಿದು, ಒಬ್ಬಳೇ ಹತ್ತಿ, ಮಹಾರಾಣಿಯಂತೆ ಕಿಟಕಿಯ ಪಕ್ಕ ಕುಳಿತಳು. ನಾನು ಬಹಳ ಹೊತ್ತು ನಕ್ಕೆ.

ನನ್ನೊಡನೆ ಜಗಳವಾಡಿ ಊರು ಬಿಟ್ಟ ದಿನ ನೀನೂ ಅಲ್ಲಿ, ಬಂದ ಎರಡು ಬಸ್ಸುಗಳನ್ನು ಹತ್ತದೆ, ನನ್ನ ದಾರಿ ಕಾಯುತ್ತ ನಿಂತಿದ್ದೆಯಂತೆ. ಹತ್ತು ಹೆಜ್ಜೆ ದೂರದಲ್ಲಿ, ಒಳಗೆ ಕುಳಿತು, ನಾನು ವಿಶ್ವಾಸದ ಬಗ್ಗೆ ಉಪದೇಶ ಬರೆಯುತ್ತಿದ್ದೆ.

ನಿನ್ನ ಅಣ್ಣ,
ದೇವಪ್ಪ